ದಾಸಮ್ಮನಿಗೆ ನಾನು ಬರೆದುಕೊಟ್ಟ ಅನುಭವ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ ಎಂದು ನಾನು ಬರೆದರೆ ನಂಬಬೇಡಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ತಾಲ್ಲೂಕು ಜಾಲಾಡಿದರೂ ನನಗೆ ತಿಳಿಯದ್ದು ಒಂದೂ ಸಿಕ್ಕುವುದಿಲ್ಲ. ಇದನ್ನು ಹದಿನೇಳು ಸಲ ಶುರು ಮಾಡಿದ್ದೇನೆ. (ಮೂರು ಸಲ. ಹದಿನೇಳು ಎಂದರೆ ನೀವು ಸ್ವಲ್ಪ ನೆಟ್ಟಗೆ ಕೂತು ಓದುತ್ತೀರಿ.)

ಮೊದಲನೆಯ ಶುರು: "ರಾಮದೇವರ ಬೆಟ್ಟದ ಬಂಡೆಯ ಮೇಲಿಂದ ರಣಹದ್ದಿನ ಮರಿಯೊಂದು ಕೆಳಗೆ ಬಿತ್ತು." ಚೆನ್ನಾಗಿಯೇ ಇದೆ. ಆದರೆ ಹದ್ದಿನಿಂದ ಶುರು ಮಾಡಿದರೆ ತಪ್ಪೆಲ್ಲ ಬಂಡೆಯದಾಗಿ ಬಿಡುತ್ತದೆ. ಹರಿದು ಹಾಕಿದೆ.

ಎರಡನೆಯದು: "ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಹುಳಕ್ಕೆ ಸಿಕ್ಕ ಮರ್ಯಾದೆ ಮನುಷ್ಯರಿಗೆ ಸಿಕ್ಕಿರಲಿಲ್ಲ." ಇದು ನಿಜ. ಹೋದ ವರ್ಷ ರೇಷ್ಮೆಯ ಬೆಲೆ ಎಷ್ಟು ಏರಿತ್ತೆಂದರೆ ಜನ ಹಟ್ಟಿಯಿಂದ ದನ ಹೊರಗೆ ಕಟ್ಟಿ ಒಳಗೆ ಹುಳ ಇಟ್ಟರು. ಮದುವೆಯ ದಿನವನ್ನು ಗೂಡು ಬಿಡಿಸುವ ದಿನ ನೋಡಿ ಇಟ್ಟರು. ಹೀಗೆ ನಲವತ್ತು ಪುಟ ಬರೆದೆ. (ಎರಡು.) ಎರಡು ಪುಟ ಆದರೂ ದಾಸಮ್ಮ ಬರಲಿಲ್ಲ. ಅವಳನ್ನು ಮುಂದೂಡಲಿಕ್ಕೇ ಅಷ್ಟು ಬರೆದೆನೆಂದು ಗೊತ್ತಾಗಿ ಅದನ್ನೂ ಹರಿದೆ.

ಮೂರನೆಯ ಶುರು ನನ್ನಿಂದ. ಇದನ್ನು ಉಳಿಸಿಕೊಳ್ಳುತ್ತೇನೆ. ನಾನು ಚನ್ನಪಟ್ಟಣದ ಸರ್ಕಾರಿ ಕಚೇರಿಯೊಂದರ ಎದುರು ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವನು. ಜನ ರೈಟ್ರು ಎನ್ನುತ್ತಾರೆ. ನನ್ನ ಅರ್ಜಿ ಓದಿ ಮೂವರು ಸಾಹೇಬರು ಅತ್ತಿದ್ದಾರೆ. (ಒಬ್ಬರು. ಅವರಿಗೆ ಕಣ್ಣುಬೇನೆ ಇತ್ತು.)

೨

ದಾಸಮ್ಮ ಅಕ್ಕೂರಿನವಳು. ನಲವತ್ತು ದಾಟಿದ ಹೆಂಗಸು. ಗಂಡ ಪುಟ್ಟಲಿಂಗಯ್ಯ, ಒಂದು ಎಕರೆ ಹಿಪ್ಪುನೇರಳೆ, ಒಂದು ಹುಳದ ಮನೆ. ಸೊಪ್ಪು ಕೊಯ್ಯುವಾಗ ತೋಟದಲ್ಲಿ ಸಿಕ್ಕಿದ ತಬ್ಬಲಿಗಳನ್ನು ಅವಳು ಮನೆಗೆ ತರುತ್ತಿದ್ದಳು: ಗೂಬೆಮರಿ, ಮುಂಗುಸಿಮರಿ, ರೆಕ್ಕೆ ಮುರಿದ ಕೊಕ್ಕರೆ. ಹುಳ ಸಾಕುವ ಬಿದಿರು ತಟ್ಟೆಯಲ್ಲೇ ಅವನ್ನೂ ಇಟ್ಟು ಸಾಕುತ್ತಿದ್ದಳು.

ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಗೋಡೆಯಿಂದ ಕಿತ್ತ ನೋಟೀಸೊಂದನ್ನು ನನ್ನ ಮೇಜಿನ ಮೇಲೆ ಹರಡಿದಳು. ಅವಳಿಗೆ ಓದು ಬರುವುದಿಲ್ಲ, ಕಂಡಕ್ಟರ್ ಓದಿ ಹೇಳಿದನಂತೆ. ಗಾಯಗೊಂಡ, ತಬ್ಬಲಿಯಾದ ಕಾಡುಪ್ರಾಣಿ ಮತ್ತು ಹಕ್ಕಿಗಳ ಆರೈಕೆ. ಇಪ್ಪತ್ತೊಂದು ದಿನದ ತರಬೇತಿ. ಊಟ ವಸತಿ ಪುಕ್ಕಟೆ. ಹನ್ನೆರಡು ಜನಕ್ಕೆ ಮಾತ್ರ. ವಿದ್ಯಾರ್ಹತೆ ಬೇಕಿಲ್ಲ, ಅನುಭವ ಇದ್ದವರಿಗೆ ಆದ್ಯತೆ. (ನಡೆಸುವ ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಅವರ ತಪ್ಪು ನನ್ನದರ ಮುಂದೆ ಎಳ್ಳಿನಷ್ಟು.)

"ರೈಟ್ರಣ್ಣ, ಇದ್ಕೆ ನನ್ ಎಸ್ರು ಬರ್ದಾಕಿ."

"ಇಪ್ಪತ್ತೊಂದು ದಿನ ಮನೆ ಬುಟ್ಟಿರ್ಬೇಕು ಕಣಮ್ಮ. ಹುಳ ಯಾರು ನೋಡ್ತಾರೆ?"

"ನಮ್ಮೆಜಮಾನ್ರು ನೋಡ್ಕತಾರೆ. ಒಂದ್ ಬೆಳೆ ಓದ್ರೆ ಓಗ್ಲಿ."

ಒಂದು ಬೆಳೆ ಹೋದರೆ ಹೋಗಲಿ ಎಂಬ ಮಾತನ್ನು ಆ ವರ್ಷ ನಾನು ಬೇರೆ ಯಾರ ಬಾಯಲ್ಲೂ ಕೇಳಿರಲಿಲ್ಲ. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಪೆನ್ನು ಕೆಳಗಿಟ್ಟೆ.

"ಅಂಥಾದ್ದು ಏನೈತೆ ಇದ್ರಲ್ಲಿ?"

"ಉಳ ಸತ್ರೆ ಇಲಾಖೆಯೋನು ಸೈಕಲ್ ತುಳ್ಕಂಡು ಬತ್ತಾನೆ. ಇದು ಆಲುತೊಂಡೆ, ಇದು ಸುಣ್ಣಕಟ್ಟು ಅಂತ ರೋಗದ ಎಸ್ರು ಯೋಳ್ತಾನೆ. ಮುಂದ್ಲ ಬೆಳೆಗೆ ನಾವು ಉಸಾರಾಯ್ತೀವಿ. ಗೂಬೆಮರಿ ಸತ್ರೆ ಯಾರ್ ಬತ್ತಾರೆ? ನನ್ ಕೈಗೆ ಅನ್ನೊಂದು ಬಂದವೆ. ಏಳು ಸತ್ತೋದೋ. ಯಾಕ್ ಸತ್ತೋ, ಒಂದೂ ಗೊತ್ತಿಲ್ಲ. ನನ್ ಕೈಯಿಂದ್ಲೇ ಸತ್ವೋ ಏನೋ. ಅದ ಕಲೀಬೇಕು."

ಇಷ್ಟೇ ಅವಳಿಗೆ ಬೇಕಾಗಿದ್ದದ್ದು. ಸರ್ಟಿಫಿಕೇಟು ಬೇಡ, ಹೆಸರು ಬೇಡ. ಏಳು ಯಾಕೆ ಸತ್ತವು ಎಂದು ಹೇಳಬಲ್ಲ ಒಬ್ಬ ಮನುಷ್ಯನ ಎದುರು ಇಪ್ಪತ್ತೊಂದು ದಿನ ಕೂರಬೇಕು. ದಯವಿಟ್ಟು ಇದನ್ನು ಮರೆಯದೆ ಮುಂದಕ್ಕೆ ಬನ್ನಿ. ನಾನು ಮರೆತೆ.

೩

ಫಾರಂನಲ್ಲಿ "ಅನುಭವ" ಎಂಬ ಕಾಲಮ್ಮಿತ್ತು. ನಾಲ್ಕು ಗೆರೆಯಷ್ಟು ಜಾಗ.

ಅಂಥ ಜಾಗ ಖಾಲಿ ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಹನ್ನೊಂದರ ಹಿಂದೆ ಒಂದು ನೂರು ಸೇರಿಸಿದೆ. "ಈವರೆಗೆ ನೂರ ಹನ್ನೊಂದು ವನ್ಯಜೀವಿಗಳನ್ನು ಪೋಷಿಸಿದ್ದು, ಒಂದೂ ಅಸುನೀಗಿರುವುದಿಲ್ಲ." ಇಷ್ಟಾದರೂ ಒಂದು ಗೆರೆ ಉಳಿಯಿತು. "ಇವುಗಳಲ್ಲಿ ಎರಡು ಚಿರತೆಮರಿಗಳೂ ಸೇರಿರುತ್ತವೆ" ಎಂದು ಬರೆದೆ. ಚಿರತೆಮರಿಗಳಿಗೆ ಹೆಸರನ್ನೂ ಇಟ್ಟಿದ್ದೆ, ಜಾಗ ಸಾಲಲಿಲ್ಲ.

"ಒಸಿ ಓದಿ ಯೋಳಿ," ಎಂದಳು ದಾಸಮ್ಮ.

ಓದಿ ಹೇಳಿದೆ. ಕಾಗದದ ಮೇಲೆ ಕಣ್ಣಾಡಿಸುತ್ತ, ಅವಳು ಹೇಳಿದ್ದನ್ನೇ ಹೇಳಿದೆ: ಹನ್ನೊಂದು ಬಂದವು, ಏಳು ಸತ್ತವು, ಕಾರಣ ತಿಳಿಯದು, ಕಲಿಯಬೇಕು.

"ಸರ್ಯಾಗ್ ಬರ್ದಿದ್ದೀರಿ," ಎಂದು ಹೆಬ್ಬೆಟ್ಟು ಒತ್ತಿದಳು.

೪

[ಈ ನಾಲ್ಕನೆಯ ಭಾಗದಲ್ಲಿ ನನ್ನ ಸಮರ್ಥನೆ ಇತ್ತು. ಎಲ್ಲರೂ ಬರೆಸುವುದೇ ಹಾಗೆ, ಎರಡು ಕುರಿ ಸತ್ತರೆ ಇಪ್ಪತ್ತು ಎಂದರೇನೇ ಫೈಲು ಅಲ್ಲಾಡುತ್ತದೆ, ಇತ್ಯಾದಿ. ವಾದ ಎಷ್ಟು ಚೆನ್ನಾಗಿತ್ತೆಂದರೆ ನೀವು ಒಪ್ಪಿಬಿಡುತ್ತಿದ್ದಿರಿ. ಅದಕ್ಕೇ ತೆಗೆದೆ.]

೫

ಒಂದು ತಿಂಗಳಿಗೆ ಉತ್ತರ ಬಂತು. ದಾಸಮ್ಮ ಅದನ್ನು ಒಡೆಯದೆ ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಹಿಂದೆ ಪುಟ್ಟಲಿಂಗಯ್ಯ, ಮಡಿ ಪಂಚೆ ಉಟ್ಟು.

ಕಾಗದದಲ್ಲಿ ಇದ್ದದ್ದು ಹೀಗೆ: "ತಮ್ಮಂತಹ ಅನುಭವಿಗಳಿಗೆ ಈ ಪ್ರಾಥಮಿಕ ತರಬೇತಿಯ ಅಗತ್ಯ ಕಂಡುಬರುವುದಿಲ್ಲ. ಹೊಸಬರಿಗೆ ಅವಕಾಶ ನೀಡಲಾಗಿದೆ. ತಮ್ಮ ಮನೆಯನ್ನು ಗೌರವ ಆರೈಕೆ ಕೇಂದ್ರವೆಂದು ಗುರುತಿಸಲಾಗಿದ್ದು, ಈ ಭಾಗದಲ್ಲಿ ಸಿಗುವ ಪ್ರಾಣಿಪಕ್ಷಿಗಳನ್ನು ತಮ್ಮಲ್ಲಿಗೇ ಕಳುಹಿಸಲಾಗುವುದು."

"ಏನಂತೆ?" ಎಂದಳು.

"ನಿನ್ನ ಮನೇನೇ ಸೆಂಟ್ರು ಮಾಡವ್ರೆ ಕಣಮ್ಮ. ದೊಡ್ಡ ಗೌರವ."

"ಕಲ್ಸೋಕೆ ಯಾವತ್ತು ಬಾ ಅಂದವ್ರೆ?"

"ಕಲಿಸೋ ಅಗತ್ಯ ಇಲ್ವಂತೆ."

"ಯಾರ್ಗೆ ಅಗತ್ಯಿಲ್ಲ? ಅವ್ರಿಗಾ, ನಂಗಾ?"

ಪುಟ್ಟಲಿಂಗಯ್ಯನಿಗೆ ಖುಷಿಯಾಗಿತ್ತು. "ಸೆಂಟ್ರು ಅಂದ್ರೆ ಬಾಗ್ಲ ಮ್ಯಾಲೆ ಎಸ್ರು ಬರ್ದು ಬೋಲ್ಡು ಆಕ್ತಾರಾ ರೈಟ್ರೇ?"

(ಇಲ್ಲಿ ಪುಟ್ಟಲಿಂಗಯ್ಯ ತಕರಾರು ಎತ್ತಿದ್ದಾನೆ. ಬರೆದಷ್ಟನ್ನು ಮೊನ್ನೆ ಅವನಿಗೆ ಓದಿ ಹೇಳಿದೆ. "ನಾನು ಬೋಲ್ಡ್ ಮಾತೇ ಎತ್ಲಿಲ್ಲ. ನನ್ನ ಪೆದ್ದ ಮಾಡ್ಬುಟ್ರೆ ನಿಮ್ ತಪ್ಪು ಚಿಕ್ದಾಯ್ತದಾ?" ಎಂದ. ಎತ್ತಿದ್ದ, ಎರಡು ಸಲ. ಆದರೂ ಅವನ ಎರಡನೆಯ ಮಾತನ್ನು ಹಾಗೇ ಬಿಟ್ಟಿದ್ದೇನೆ.)

ಆಗಲೇ ಹೇಳಬಹುದಿತ್ತು. ಒಂದು ಕಾರ್ಡು ಬರೆದು ಹಾಕಿದ್ದರೆ ಸಾಕಿತ್ತು: ತಪ್ಪಾಗಿದೆ, ಈಕೆಗೆ ಕಲಿಸಿ. ಆ ಕಾರ್ಡನ್ನು ಈ ಕಥೆಯ ಕರಡುಗಳಲ್ಲಿ ಮೂರು ಬಾರಿ ಬರೆದಿದ್ದೇನೆ, ಮೂರೂ ಸಲ ಬಹಳ ಚೆನ್ನಾಗಿ ಬಂದಿದೆ. ಅಂಚೆಪೆಟ್ಟಿಗೆಗೆ ಮಾತ್ರ ಬಿದ್ದಿಲ್ಲ.

೭

(ಆರು ಎಲ್ಲಿ ಎಂದು ಕೇಳಬೇಡಿ. ಆರರಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿತ್ತು.)

ಜೀಪು ಅಕ್ಕೂರಿಗೆ ಬಂದದ್ದು ಒಂದು ಸೋಮವಾರ. ಡ್ರೈವರ್ ಜಬ್ಬಾರ್, ಸಂಸ್ಥೆಯವನು, ಹಿಂದಿನ ಬಾಗಿಲು ತೆರೆದು ಗೋಣಿಚೀಲ ಹೊದಿಸಿದ ಪಂಜರ ಇಳಿಸಿದ. ಒಳಗೆ ರಣಹದ್ದಿನ ಮರಿ. ಮರಿ ಎಂದರೆ ಕೋಳಿಯ ಗಾತ್ರ ಅಂದುಕೊಳ್ಳಬೇಡಿ, ನನ್ನ ಸೊಂಟದವರೆಗೆ ಇತ್ತು. (ಮೊಣಕಾಲಿಗಿಂತ ತುಸು ಮೇಲೆ.) ರೆಕ್ಕೆಗೆ ಪೆಟ್ಟಾಗಿತ್ತು. ಮೈಮೇಲೆ ಅರ್ಧ ಬಿಳಿ ತುಪ್ಪಳ, ಅರ್ಧ ಹೊಸ ಗರಿ.

"ಇದ್ಕೆ ಏನ್ ಮಾಡ್ಬೇಕು ಸಾಯೇಬ್ರೇ?" ಎಂದು ದಾಸಮ್ಮ ಕೇಳಿದಳು.

ಜಬ್ಬಾರ್ ನಕ್ಕ. "ನನ್ನ ಕೇಳ್ತೀರಲ್ಲಮ್ಮ. ನಿಮ್ಗೆ ಗೊತ್ತಿಲ್ದಿದ್ದು ನಮ್ಗೆ ಗೊತ್ತಿರ್ತದಾ? ಡಾಕ್ಟ್ರು ಎಂಟು ದಿನಕ್ಕೆ ಬತ್ತಾರೆ."

ಅವಳು ಹದ್ದನ್ನು ಹುಳದ ಮನೆಯಲ್ಲಿಟ್ಟಳು. ಊರಿನಲ್ಲಿ ಅದಕ್ಕಿಂತ ಶುಚಿಯಾದ ಜಾಗ ಇನ್ನೊಂದಿರಲಿಲ್ಲ. ಆ ಬೆಳೆಯ ಗೂಡು ಬಿಡಿಸಿ ಆಗಿತ್ತು, ಮನೆ ತೊಳೆದು ವಾರವಾಗಿತ್ತು, ಕಿಟಕಿಗೆ ಹುಳ ಕೊಲ್ಲುವ ಊಜಿ ನೊಣ ಬರದಂತೆ ನೈಲಾನ್ ಪರದೆ. ಪುಟ್ಟಲಿಂಗಯ್ಯ ಯಾರದೋ ಸತ್ತ ಎಮ್ಮೆಕರುವಿನ ಮಾಂಸ ತಂದ. ಸೋಮವಾರ ತಿಂದಿತು, ಮಂಗಳವಾರ ತಿಂದಿತು. ಬುಧವಾರ ಮುಟ್ಟಲಿಲ್ಲ. ಕುತ್ತಿಗೆ ಒಳಗೆಳೆದುಕೊಂಡು, ಕೊಕ್ಕು ಮೇಲೆತ್ತಿ, ಅಲ್ಲಾಡದೆ ಕೂತಿತು.

ದಾಸಮ್ಮ ಬಾಗಿಲಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದಳು. ತುಪ್ಪಳ ಉದುರುತ್ತಿತ್ತು. ಹೊಸ ಗರಿಯ ಬುಡದಲ್ಲಿ ಪೊರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು. ಅವಳು ಇಪ್ಪತ್ತು ವರ್ಷದಿಂದ ನೋಡುತ್ತ ಬಂದದ್ದೇ ಇದು.

"ಜ್ವರಕ್ಕೆ ಕೂತದೆ," ಎಂದಳು.

ರೇಷ್ಮೆ ಸೀಮೆಯವರಲ್ಲದ ಓದುಗರಿಗೆ ಹೇಳುತ್ತೇನೆ. ಹುಳ ತನ್ನ ಆಯುಷ್ಯದಲ್ಲಿ ನಾಲ್ಕು ಸಲ ತಿನ್ನುವುದನ್ನು ನಿಲ್ಲಿಸುತ್ತದೆ. ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಹಳೆಯ ಚರ್ಮ ಕಳಚಿ ಏಳುವವರೆಗೆ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು, ನೀರಿನ ಪಸೆ ತಾಗಬಾರದು. ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಬೇಕು. ಇದನ್ನೇ ಇಲ್ಲಿ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆ ಹೊತ್ತಿನಲ್ಲಿ ಕೈ ಕಟ್ಟಿ ಕಾಯುವುದನ್ನು ಕಲಿತವರ ಮನೆಯಲ್ಲಿ ಗೂಡು ಗಟ್ಟಿ. ಕಾಯುವುದರಲ್ಲಿ ದಾಸಮ್ಮನನ್ನು ಮೀರಿಸಿದವರು ಅಕ್ಕೂರಿನಲ್ಲಿರಲಿಲ್ಲ.

ಹಾಗಾಗಿ ಅವಳು ಮಾಂಸ ಎತ್ತಿದಳು. ನೀರಿನ ಬೋಗುಣಿಯನ್ನೂ ಎತ್ತಿದಳು. ಹದ್ದಿನ ಸುತ್ತ ಜರಡಿ ಹಿಡಿದು ಸುಣ್ಣದ ಪುಡಿ ಉದುರಿಸಿದಳು, ಹೊರಗೆ ಬಂದು ಬಾಗಿಲ ಪರದೆ ಎಳೆದಳು.

೮

ನಾನು ಎಲ್ಲಿದ್ದೆ ಎಂದು ಕೇಳುತ್ತೀರಿ. ಅಲ್ಲೇ ಇದ್ದೆ. ನನ್ನ ಅರ್ಜಿಯ ಫಲ ನೋಡಲು ದಿನಾ ಅಕ್ಕೂರಿಗೆ ಬಸ್ಸು ಹತ್ತುತ್ತಿದ್ದೆ. ಗುರುವಾರ ಪರದೆಯ ಸಂದಿಯಿಂದ ಇಣುಕಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: "ಹಿಮದಲ್ಲಿ ಕೂತ ಋಷಿಯಂತಿದೆ." ಸುಣ್ಣದ ಪುಡಿಯನ್ನು ನಾನು ಹಿಮ ಮಾಡಿದೆ. ಆ ಸಾಲನ್ನು ಇಲ್ಲಿ ಬಿಡಬೇಕೆಂದುಕೊಂಡಿದ್ದೆ. ಬಿಡುವುದಿಲ್ಲ, ಇರಲಿ, ನನ್ನ ಮೇಲಿನ ಸಾಕ್ಷಿ.

ಶುಕ್ರವಾರ ಪುಟ್ಟಲಿಂಗಯ್ಯ ಕೇಳಿದ. "ಉಳ ಒಂದ್ ಅಗ್ಲು ಒಂದ್ ರಾತ್ರೀಗೆ ಎದ್ಬುಡ್ತದೆ. ಇದ್ಯಾಕಮ್ಮಿ ಮೂರ್ ದಿನ?"

"ಮೈ ನೋಡು ಎಷ್ಟೈತೆ. ಅಷ್ಟ್ ಚರ್ಮ ಕಳೀಬೇಡ್ವಾ?"

"ಒಸಿ ನೀರಾದ್ರೂ ಮಡಗು."

"ಜ್ವರ್ದಲ್ಲಿ ನೀರ್ ಮಡಗೋದಾ? ಉಳ ಸಾಕ್ದೋನ್ ಆಡೋ ಮಾತಾ ಇದು?" ಎಂದು ಅವನ ಬಾಯಿ ಮುಚ್ಚಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀವೇನಂತೀರಿ ರೈಟ್ರಣ್ಣ? ಓದ್ದೋರು."

ಹದ್ದಿನ ವಿಷಯ ನನಗೇನು ಗೊತ್ತು? ಏನೂ ಇಲ್ಲ. ಆದರೆ ಅವಳು ಕೇಳಿದ್ದಳು, ಅದೂ ಗಂಡನ ಎದುರು.

"ಸರಿಯಾಗೇ ಮಾಡಿದ್ದೀಯ," ಎಂದೆ. "ಮಾಗಡಿ ಕಡೆ ಹತ್ತಾರು ಹದ್ದು ಸಾಕಿರೋದ ಕಂಡಿದ್ದೀನಿ. ಹಿಂಗೇ ಒಂದು ವಾರ ಕೂರ್ತವೆ, ಆಮೇಲೆ ಎದ್ದು ಎರಡರಷ್ಟು ತಿಂತವೆ."

(ಮಾಗಡಿಯಲ್ಲಿ ನಾನು ಕಂಡದ್ದು ಒಬ್ಬನ ಮನೆಯ ಗಿಣಿ.)

ಶನಿವಾರ ಬೆಳಿಗ್ಗೆ ಅವಳು ಮಾಂಸವನ್ನು ಸಣ್ಣ ಸಣ್ಣದಾಗಿ ಕೊಯ್ದು ಮುತ್ತುಗದ ಎಲೆಯಲ್ಲಿ ಇಟ್ಟುಕೊಂಡು ಒಳಗೆ ಹೋದಳು. ಜ್ವರ ಬಿಟ್ಟೆದ್ದ ಹುಳಕ್ಕೆ ಮೊದಲು ಎಳೆಯ ಸೊಪ್ಪು ಕೊಡುವುದು ವಾಡಿಕೆ. ಹದ್ದು ಗೋಡೆಗೆ ಒರಗಿತ್ತು. ಕಣ್ಣಿನ ಅಂಚಿಗೆಲ್ಲ ಸುಣ್ಣ ಮೆತ್ತಿಕೊಂಡಿತ್ತು. ಎತ್ತಿದರೆ ಒಣಗಿದ ಕಟ್ಟಿಗೆಯಷ್ಟು ಹಗುರ, ಅಷ್ಟೇ ಗಟ್ಟಿ.

೯

ಸೋಮವಾರ ಬಂದ ಡಾಕ್ಟರು ಒಳ್ಳೆಯ ಮನುಷ್ಯ. (ಇವರನ್ನು ಕೆಟ್ಟವರನ್ನಾಗಿ ಮಾಡಿ ಒಂದು ಕರಡು ಬರೆದೆ. ನಿಲ್ಲಲಿಲ್ಲ.) ಬೇವಿನ ಮರದ ಕೆಳಗೆ, ಸುಣ್ಣ ಹಾಕಿಟ್ಟಿದ್ದ ಹದ್ದನ್ನು ಕೊಯ್ದು ನೋಡಿದರು. ಜಬ್ಬಾರ್ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದ.

"ರೆಕ್ಕೆ ಏಟಿನಿಂದ ಸತ್ತಿಲ್ಲ," ಎಂದರು. "ನೀರಿಲ್ಲ ಮೈಯಲ್ಲಿ. ತಿನ್ನೋದು ಬಿಟ್ಟ ಹಕ್ಕಿಗೆ ಮೊದಲು ನೀರು ಕೊಡಬೇಕು. ತಾನಾಗಿ ಕುಡೀದಿದ್ರೆ ನಳಿಗೇಲಿ ಗಂಟಲಿಗೆ ಇಳಿಸಬೇಕು. ನಮ್ಮ ತರಬೇತಿಲಿ ಎರಡನೇ ದಿನ ಬೆಳಿಗ್ಗೆ ಹೇಳಿಕೊಡೋದೇ ಇದು. ಕೈ ಹಿಡಿದು ಮಾಡಿಸ್ತೀವಿ."

"ಎಲ್ಡ್ನೇ ದಿನ್ವೇ?" ಎಂದಳು ದಾಸಮ್ಮ.

"ಹೌದಮ್ಮ."

"ಇಪ್ಪತ್ತೊಂದ್ರಲ್ಲಿ ಎಲ್ಡ್ನೇದು."

ಡಾಕ್ಟರು ಕೈ ತೊಳೆಯುತ್ತ ಮೆಲ್ಲಗೆ ಕೇಳಿದರು. "ನೀವು ಇಷ್ಟೊಂದು ಸಾಕಿದ್ದೀರಿ. ಇದು ಹೇಗಾಯ್ತು?"

"ಎಷ್ಟೊಂದು ಸ್ವಾಮಿ? ಅನ್ನೊಂದು. ಅದ್ರಲ್ಲಿ ಏಳು ಸತ್ತೋಗಿದ್ವು. ಅರ್ಜೀಲಿ ಬರ್ಸಿದ್ನಲ್ಲ."

ಜಬ್ಬಾರ್ ಕರ್ಚೀಫು ತೆಗೆದ. "ಅರ್ಜೀಲಿ ನೂರಾ ಹನ್ನೊಂದು ಇತ್ತಮ್ಮ. ಒಂದೂ ಸತ್ತಿಲ್ಲ ಅಂತ. ಚಿರತೆಮರಿ ಬೇರೆ. ನಮ್ಮ ಆಫೀಸಲ್ಲಿ ಎಲ್ರೂ ಓದಿದ್ರು."

ಅವಳು ಡಾಕ್ಟರ ಕಡೆಯೂ ನೋಡಲಿಲ್ಲ, ಜಬ್ಬಾರ್ ಕಡೆಯೂ ನೋಡಲಿಲ್ಲ. ನನ್ನ ಕಡೆ ನೋಡಿದಳು. ಆ ನೋಟವನ್ನು ವರ್ಣಿಸಬಲ್ಲೆ, ಅಂಥದ್ದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ವರ್ಣಿಸುವುದಿಲ್ಲ.

"ಓದಿ ಯೋಳುದ್ರಲ್ಲ ನಂಗೆ," ಎಂದಳು. "ನನ್ ಮುಂದೇನೆ ಓದಿ ಯೋಳುದ್ರಲ್ಲ."

೧೦, ಅಥವಾ ಮುಗಿಸುವ ಪ್ರಯತ್ನಗಳು

ಅ) ದಾಸಮ್ಮ ನನ್ನನ್ನು ಊರಾಚೆ ಅಟ್ಟುತ್ತಾಳೆ. ಜನ ಸೇರುತ್ತಾರೆ, ನನ್ನ ಮೇಜು ಮುರಿಯುತ್ತಾರೆ. ಓದುಗರಿಗೆ ಸಮಾಧಾನ. ಆದರೆ ನಡೆದದ್ದೇ ಬೇರೆ. ಅವಳು ಒಳಗೆ ಹೋಗಿ ಹುಳದ ಮನೆ ತೊಳೆದಳು, ಅಷ್ಟೇ.

ಆ) ಮುಂದಿನ ತರಬೇತಿಗೆ ಅವಳನ್ನು ಪಾಠ ಮಾಡಲು ಕರೆಯುತ್ತಾರೆ. (ಇದು ಅರ್ಧ ನಿಜ. ಪಾಠ ಮಾಡುವವರ ಪಟ್ಟಿಯಲ್ಲಿ ಅವಳ ಹೆಸರು ಸೇರಿಬಿಟ್ಟಿತ್ತೆಂದು ಜಬ್ಬಾರ್ ಹೇಳಿದ.) ಅವಳು ಹೋಗುತ್ತಾಳೆ, ಹನ್ನೆರಡು ಜನರ ಮುಂದೆ ನಿಂತು, "ನಾನು ಒಂದು ಹದ್ದ ಕೊಂದೆ, ಎಂಗೆ ಅಂತ ಯೋಳ್ತೀನಿ ಕೇಳಿ," ಎನ್ನುತ್ತಾಳೆ. ಹನ್ನೆರಡು ಜನರೂ ಜನ್ಮದಲ್ಲಿ ಮರೆಯುವುದಿಲ್ಲ. ಈ ಅಂತ್ಯ ನನಗೆ ಬಹಳ ಇಷ್ಟವಾಯಿತು. ಬರೆದು ಅವಳಿಗೆ ಓದಿ ಹೇಳಿದೆ. ಈ ಸಲ ಇದ್ದದ್ದನ್ನೇ ಓದಿದೆ.

"ತೆಗೀರಿ ಅದ," ಎಂದಳು.

"ಯಾಕಮ್ಮ? ನಿನ್ನ ದೊಡ್ಡೋಳು ಮಾಡಿದ್ದೀನಲ್ಲ."

"ದೊಡ್ಡೋಳ್ ಮಾಡಿ ಮಾಡಿಯೇ ಇಲ್ಲಿಗ್ ತಂದಿದ್ದೀರಿ. ಸತ್ತೋಗಿರೋದ ತಕಂಡು ನಿಮ್ ಕತೆಗೆ ಅಬ್ಬ ಮಾಡ್ಕಬೇಡಿ. ನಾನು ಕಲ್ಸಕ್ ಓಗಾಕಿಲ್ಲ. ಕಲಿಯಕ್ ಓಯ್ತೀನಿ."

ಇ) ನಾನು ತಪ್ಪೊಪ್ಪಿಗೆ ಬರೆಯುತ್ತೇನೆ, ಅವರು ಅವಳನ್ನು ಸೇರಿಸಿಕೊಳ್ಳುತ್ತಾರೆ. ಹೊಸ ಫಾರಂ ಅಂತೂ ಬಂದಿದೆ. ಅನುಭವದ ಕಾಲಮ್ಮಿನಲ್ಲಿ ಅವಳು ಹೇಳಿದಂತೆ, ಹೇಳಿದಷ್ಟೇ ಬರೆದಿದ್ದೇನೆ: ಹನ್ನೆರಡು ಬಂದವು, ಎಂಟು ಸತ್ತವು, ಒಂದಕ್ಕೆ ನಾನೇ ನೀರು ತಪ್ಪಿಸಿದೆ. ಎರಡು ಗೆರೆ ಖಾಲಿ ಬಿದ್ದಿವೆ. ನಾನು ಇನ್ನೇನೂ ಸೇರಿಸದಿರಲೆಂದು ಆ ಖಾಲಿ ಗೆರೆಗಳ ಮೇಲೆ ಅವಳೇ ಪೆನ್ನಿನಿಂದ ಅಡ್ಡಗೀಟು ಎಳೆದಳು. ತನ್ನ ಕೈಯಲ್ಲಿ ಎಂಟು ಸತ್ತವೆನ್ನುವ ಹೆಂಗಸಿಗೆ ಅನುಭವದ ಆದ್ಯತೆ ಕೊಡುತ್ತಾರೋ ಇಲ್ಲವೋ, ನನಗೆ ತಿಳಿಯದು. ತರಬೇತಿ ಇನ್ನೂ ಎರಡು ತಿಂಗಳಿಗೆ.

ಇಲ್ಲಿಗೆ ನಿಲ್ಲಿಸಬಹುದಿತ್ತು.

೧೧

ಇವತ್ತು ಹತ್ತು ಗಂಟೆಗೆ ಜೀಪು ಬಂತು. ಆರೈಕೆ ಕೇಂದ್ರಗಳ ಪಟ್ಟಿಯಿಂದ ಅವಳ ಮನೆಯ ಹೆಸರು ತೆಗೆಯಲು ಡಾಕ್ಟರು ಬರೆದಿದ್ದಾರಂತೆ, ತೆಗೆಯಬೇಕಾದವರು ರಜೆಯಲ್ಲಿದ್ದಾರಂತೆ. ಜಬ್ಬಾರ್ ಒಂದು ಬಿದಿರುಬುಟ್ಟಿ ಇಳಿಸಿದ. ಮರಳವಾಡಿ ಕಡೆ ಹುಣಸೆಮರ ಕಡಿಯುವಾಗ ಸಿಕ್ಕಿದ ಕಾಡುಪಾಪ. ಅಂಗೈಯಷ್ಟು ಮೈ, ತಲೆಯ ತುಂಬ ಕಣ್ಣು, ಒಂದು ಕಾಲು ಜೋಲುತ್ತಿತ್ತು.

"ತಗಂಡೋಗಿ ಸಾಯೇಬ್ರೇ. ನಂಗ್ ಬರಾಕಿಲ್ಲ," ಎಂದಳು.

"ಎಲ್ಲಿಗ್ ತಗೊಂಡೋಗ್ಲಿ ಅಮ್ಮ? ಡಾಕ್ಟ್ರು ಊರಲ್ಲಿಲ್ಲ. ಗುರುವಾರ ಬತ್ತಾರೆ. ಅಲ್ಲೀಗಂಟ ಜೀಪಲ್ಲಿ ಇಟ್ಕೊಳ್ಳಾ?"

ಬುಟ್ಟಿ ಜಗಲಿಯ ಮೇಲೆ ಉಳಿಯಿತು. ಜೀಪು ಹೋಯಿತು. ದಾಸಮ್ಮ ಮೊದಲು ಒಂದು ಬೋಗುಣಿ ನೀರು ತಂದು ಬುಟ್ಟಿಯೊಳಗೆ ಇಟ್ಟಳು. ಅದು ಕುಡಿಯಲಿಲ್ಲ. ಹುಲ್ಲುಕಡ್ಡಿಯ ತುದಿಯಲ್ಲಿ ಒಂದು ಹನಿ ಹಿಡಿದಳು, ಮುಖ ತಿರುಗಿಸಿತು. ಕಡ್ಡಿಯನ್ನು ಕೆಳಗಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಫಾರಂ ಇಸಿದುಕೊಂಡು ಅಂಚೆಗೆ ಹಾಕಲು ಬಂದಿದ್ದ ನಾನು ಮೆಟ್ಟಿಲ ಮೇಲೆ ಕೂತಿದ್ದೆ.

"ರೈಟ್ರಣ್ಣ. ಇದು ಏನ್ ತಿಂತದೆ?"

ನಾನು ಫಾರಂ ಮಡಿಸಿ ಜೇಬಿಗಿಟ್ಟೆ.

"ನಿಮ್ಗೆ ಗೊತ್ತಾ, ಗೊತ್ತಿಲ್ವಾ? ಎಲ್ಡ್ರಲ್ಲಿ ಒಂದ್ ಯೋಳಿ."

ಹಾಲು ಎಂಬ ಮಾತು ಆಗಲೇ ನಾಲಿಗೆಯ ತುದಿಗೆ ಬಂದಿತ್ತು. ಅದರ ಹಿಂದೆಯೇ ಬಾಳೆಹಣ್ಣು, ಜೇನುತುಪ್ಪ, ಕನಕಪುರದ ಕಾಡಿನಲ್ಲಿ ನಾನು ಕಂಡ ಐವತ್ತು ಕಾಡುಪಾಪಗಳು ಸಾಲುಗಟ್ಟಿ ನಿಂತಿದ್ದವು. ಪುಟ್ಟಲಿಂಗಯ್ಯ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತ. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.

ನಾನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನೀವು ನಂಬಬೇಕಾಗಿಲ್ಲ. ಗುರುವಾರಕ್ಕೆ ಇನ್ನೂ ಮೂರು ದಿನವಿದೆ, ಕಾಡುಪಾಪ ಬುಟ್ಟಿಯ ಕಡ್ಡಿ ಹಿಡಿದು ಕೂತಿದೆ, ನಾಳೆ ಮೊದಲ ಬಸ್ಸಿಗೆ ನಾನು ಮತ್ತೆ ಅಲ್ಲಿಗೆ ಹೋಗಬೇಕು. ನಿಮ್ಮಲ್ಲಿ ಯಾರಿಗಾದರೂ ಅದು ಏನು ತಿನ್ನುತ್ತದೆಂದು ನಿಜವಾಗಿ ಗೊತ್ತಿದ್ದರೆ, ಈ ಕಥೆ ಹೇಗಿದೆ ಎಂದು ಹೇಳುವ ಮೊದಲು ಅಕ್ಕೂರಿಗೆ ಒಂದು ಕಾರ್ಡು ಹಾಕಿ. ದಾಸಮ್ಮನ ಹೆಸರಿಗೇ ಹಾಕಿ. ಬೇರೆ ಯಾರ ಕೈಲಾದರೂ ಓದಿಸಿಕೊಳ್ಳುತ್ತಾಳೆ.